ಸದ್ದಿಲ್ಲದ ಗಾರೆ ಕೆಲಸ

ಸಾಬೂನು ಕೈಜಾರಿದ್ದೇ ನೆಪವಾಯಿತು.

ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನ ರಾಮಾಂಜಿನಪ್ಪ ಮೇಷ್ಟ್ರು ತಲೆತುಂಬ ನೊರೆ ಮಾಡಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಾಗ ಸಾಬೂನು ಬಚ್ಚಲ ಮೂಲೆಗೆ ಓಡಿತು. ಅದನ್ನು ತಡಕಲು ಬಗ್ಗಿದವರು ಆಸರೆಗೆಂದು ಗೋಡೆಯ ಕಡಪಾ ಕಲ್ಲಿಗೆ ಕೈ ಕೊಟ್ಟರು. ಕಲ್ಲು ಟೊಳ್ಳಾಗಿ ‘ಡಬ್’ ಎಂದಿತು. ಆಮೇಲೆ ಬಹಳ ವರ್ಷಗಳ ಮೇಲೆ ಕಂಡ ನೆಂಟನ ಹಾಗೆ ಮೆಲ್ಲಗೆ ಮುಂದಕ್ಕೆ ಬಾಗಿ ಅವರನ್ನು ತಬ್ಬಿಕೊಂಡಿತು.

“ಏ ಇವಳೇ! ಬಾರೇ ಬೇಗ! ಗೋಡೆ ಬರ್ತಾ ಇದೆ!”

ವರಲಕ್ಷ್ಮಮ್ಮ ಒಲೆಯ ಮೇಲಿನ ಹಾಲು ಇಳಿಸಿಟ್ಟೇ ಬಂದಳು. ಗಂಡ ಕೂಗಿದ ಎಂದು ಹಾಲು ಉಕ್ಕಿಸಿಕೊಳ್ಳುವ ಹೆಂಗಸಲ್ಲ ಅವಳು. ಬಂದು ನೋಡಿದರೆ ಯಜಮಾನರು ನೊರೆಯ ಪೇಟ ಸುತ್ತಿಕೊಂಡು ಎದೆಯೆತ್ತರದ ಕಲ್ಲನ್ನು ಎದೆಗವಚಿಕೊಂಡು ನಿಂತಿದ್ದಾರೆ.

“ಬಿಡ್ಬೇಡಿ, ಹಂಗೇ ಹಿಡ್ಕೊಂಡಿರಿ,” ಎಂದು ಹೋಗಿ ಒನಕೆ ತಂದು ಕಲ್ಲಿಗೆ ಒತ್ತುಗೊಟ್ಟಳು. ಆಮೇಲೆ ಸಾಬೂನನ್ನೂ ಎತ್ತಿ ಕೈಗೆ ಕೊಟ್ಟಳು.

ಇದು ನಡೆದದ್ದು ಶುಕ್ರವಾರ. ಬಚ್ಚಲ ಗೋಡೆಗೆ ಅಂಥ ನಾಲ್ಕು ಕಲ್ಲುಗಳಿದ್ದವು. ಕಳೆದ ಬೇಸಿಗೆಯಲ್ಲಿ ಅವನ್ನು ಹಾಕಿದವನು ಡ್ರಿಲ್ ಮೇಷ್ಟ್ರು ಚಲಪತಿಯ ಭಾವ. ಹಾಕುವಾಗ ಚಲಪತಿ ಬಾಗಿಲಲ್ಲೇ ನಿಂತು, “ನಮ್ಮ ಭಾವನ ಕೈ ಅಂದ್ರೆ ಏನಂದ್ಕೊಂಡ್ರಿ? ಕೋಟೆ ರೀ, ಕೋಟೆ!” ಎಂದು ಹೊಗಳಿದ್ದ. ಆ ಕೋಟೆ ಒಂದು ಮಳೆಗಾಲ ದಾಟುವಷ್ಟರಲ್ಲಿ ತಿಂಗಳು ತುಂಬಿದ ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಬಂದಿತ್ತು. ನಿತ್ಯ ಸ್ನಾನದ ನೀರು ಅರ್ಧ ಮೋರಿಗೆ ಹೋದರೆ ಅರ್ಧ ಕಲ್ಲಿನ ಹಿಂದಕ್ಕೆ ಹೋಗುತ್ತಿತ್ತು.

ಬೇರೆ ಕಾಲವಾಗಿದ್ದರೆ ಒನಕೆಯ ಆಸರೆಯಲ್ಲೇ ಇನ್ನೊಂದು ವರ್ಷ ಕಳೆಯುತ್ತಿತ್ತು. ಆದರೆ ಮಗಳು ರತ್ನ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹೆತ್ತಿದ್ದಳು. ಚೊಚ್ಚಲು, ಹೆಣ್ಣುಮಗು. ಅಲ್ಲೇ ಇದ್ದ ವರಲಕ್ಷ್ಮಮ್ಮನ ತಂಗಿ ಬಾಣಂತಿಯನ್ನು ನೋಡಿಕೊಳ್ಳುತ್ತಿದ್ದಳು. ಭಾನುವಾರ ತಾಯಿ ಮಗುವನ್ನು ಮನೆಗೆ ಕಳಿಸುತ್ತೇವೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಸೋಮವಾರ ಬೆಳಿಗ್ಗೆ ತವರಿನ ಮೊದಲ ಎಣ್ಣೆನೀರು.

ಭಾನುವಾರ ಮೊದಲ ಬಸ್ಸಿಗೆ ಹೊರಟ ವರಲಕ್ಷ್ಮಮ್ಮ ಹೊಸ್ತಿಲ ಮೇಲೆ ನಿಂತು ಅಪ್ಪಣೆ ಮಾಡಿದಳು.

“ಕೋನಪ್ಪ ಮೇಸ್ತ್ರಿಗೆ ಹೇಳಿದೀನಿ, ಬರ್ತಾನೆ. ನಾಲ್ಕೂ ಕಲ್ಲು ಕಿತ್ತು ಹೊಸದಾಗಿ ಕೂರಿಸ್ಬೇಕು. ಹಂಡೆ ಕಾಯಿಸಿ ನಾನು ಕೂಸಿಗೆ ನೀರು ಹಾಕೋದು ಆ ಗೋಡೆ ಪಕ್ಕದಲ್ಲೇ. ಅದರ ಮೇಲೆ ಒಂದು ಚೂರು ಗಾರೆ ಉದುರಿತೋ, ನಿಮ್ಮನ್ನ ಏನು ಮಾಡ್ತೀನೋ ನಂಗೇ ಗೊತ್ತಿಲ್ಲ.”

“ಆಗುತ್ತೆ ಕಣೇ. ನೀನು ಧೈರ್ಯವಾಗಿ ಹೋಗು.”

“ಪಕ್ಕದ್ಮನೆ ಅಮ್ಮಾಜಮ್ಮಂಗೂ ಹೇಳಿದೀನಿ, ಇವತ್ತು ಮೇಸ್ತ್ರಿ ಬರ್ತಾನೆ ಅಂತ.”

ಮೇಷ್ಟ್ರ ಮುಖ ಬಾಡಿತು. “ಏನಂದ್ಲು?”

“ಏನೂ ಅನ್ಲಿಲ್ಲ. ಹೂಂ ಅಂದ್ಲು.”

ಆ ‘ಹೂಂ’ ಕೇಳಿ ಮೇಷ್ಟ್ರು ಬಚ್ಚಲ ಗೋಡೆಯ ಕಡೆಗೊಮ್ಮೆ ನೋಡಿದರು.

ಕಾರಣವಿತ್ತು. ಬಚ್ಚಲ ಗೋಡೆ ಎರಡು ಮನೆಗೂ ಸೇರಿದ್ದು. ಗೋಡೆಯ ಆಚೆಗೆ ಅಮ್ಮಾಜಮ್ಮನ ಹುಳದ ಕೋಣೆ. ಅಲ್ಲಿ ಬಿದಿರ ತಟ್ಟೆಗಳಲ್ಲಿ ರೇಷ್ಮೆಹುಳು ಮೇಯುತ್ತಿದ್ದವು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು, ಅಲುಗಾಡದೆ ಕೂರುತ್ತವೆ. ಊರಿನವರು ಅದನ್ನು ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತ ಮನೆಯಲ್ಲಿ ಜೋರಾಗಿ ಮಾತಾಡುವುದಿಲ್ಲ, ಒಣಮೆಣಸಿನಕಾಯಿ ಹುರಿಯುವುದಿಲ್ಲ, ಬಾಗಿಲು ಧಡ್ ಎನಿಸುವುದಿಲ್ಲ. ಕಳೆದ ಬೆಳೆಯಲ್ಲಿ ಹುಳು ಹಾಗೆ ಕೂತಿದ್ದಾಗ ಮೇಷ್ಟ್ರು ಹೊಸ ಕ್ಯಾಲೆಂಡರ್ ತಗುಲಿಹಾಕಲು ಗೋಡೆಗೆ ಒಂದು ಮೊಳೆ ಹೊಡೆದಿದ್ದರು. ಆ ಬೆಳೆ ಕೆಟ್ಟಿತು. ಮೊಳೆಯಿಂದ ಕೆಟ್ಟಿತೋ ಸೊಪ್ಪಿನಿಂದ ಕೆಟ್ಟಿತೋ, ಹೇಳುವವರಾರು? ಅಮ್ಮಾಜಮ್ಮ ಜಗಳವಾಡಲಿಲ್ಲ. ಒಂದು ದಿನ ಮೊಸರು ಕೇಳಲು ಬಂದವಳು ಆ ಕ್ಯಾಲೆಂಡರನ್ನೇ ಸ್ವಲ್ಪ ಹೊತ್ತು ನೋಡಿ ಹೋದಳು. ಅಂದಿನಿಂದ ಮೇಷ್ಟ್ರು ಆ ಮನೆಯ ಮುಂದೆ ಹೋಗುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ಈಗಲೂ ಹುಳು ಜ್ವರಕ್ಕೆ ಕೂರುವ ಹೊತ್ತು ಬಂದಿದೆ ಎಂದು ಅವರ ಕಿವಿಗೆ ಬಿದ್ದಿತ್ತು.

ಕೋನಪ್ಪ ಬಂದ. ಬೀದಿಯ ಆ ಕೊನೆಯಲ್ಲಿರುವಾಗಲೇ ಅವನು ಬರುತ್ತಿರುವುದು ಊರಿಗೆಲ್ಲ ಗೊತ್ತಾಗುತ್ತಿತ್ತು. ಅವನ ಗಂಟಲು ಅಂಥದ್ದು.

“ಎಲ್ಲಿ ಸಾಮಿ ಗೋಡೆ? ತೋರಿಸಿ, ಒಂದು ಗಳಿಗೇಲಿ ಉದುರಿಸ್ತೀನಿ!”

“ಮೆಲ್ಲಗೆ ಕೋನಪ್ಪ, ಮೆಲ್ಲಗೆ.”

“ಸುತ್ತಿಗೆ ಇನ್ನೂ ಚೀಲದಲ್ಲೇ ಇದೆಯಲ್ಲ ಸಾಮಿ?”

“ಮಾತು. ಮಾತು ಮೆಲ್ಲಗೆ.”

ಕೋನಪ್ಪ ಬಚ್ಚಲಿಗೆ ಬಂದು ಕಲ್ಲಿಗೆ ಬೆರಳ ಗಿಣ್ಣಿನಿಂದ ಕುಟ್ಟಿ, “ಅಯ್ಯೋ ದೇವುಡಾ! ಇದನ್ನ ಗೋಡೆಗೆ ಕೂರಿಸಿಲ್ಲ ಸಾಮಿ, ಒರಗಿಸಿ ಹೋಗಿದಾನೆ,” ಎಂದ. ಆಮೇಲೆ ಉಳಿ ಇಟ್ಟು ಸುತ್ತಿಗೆ ಎತ್ತಿ ಒಂದೇಟು ಹಾಕಿದ. ಢಣ್!

ಮೇಷ್ಟ್ರು ಮುಂಬಾಗಿಲಿಗೆ ಓಡಿ ಇಣುಕಿದರು. ಅಮ್ಮಾಜಮ್ಮನ ಮಾವ, ಮುದುಕ ಆವಲಪ್ಪ, ತಮ್ಮ ಜಗಲಿಯ ಮೇಲೆ ಕೂತಿದ್ದ. ಸುಮ್ಮನೆ ಕೂತಿರಲಿಲ್ಲ. ಕಣ್ಣುಮುಚ್ಚಿ, ಕಿವಿಯನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದ.

ಮೇಷ್ಟ್ರು ಹಾಗೇ ಹಿಂದಕ್ಕೆ ಓಡಿ ಕೋನಪ್ಪನ ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದರು.

“ನಿಲ್ಸಪ್ಪಾ! ಕಾವಲು ಕೂರಿಸಿದಾರೆ!”

ಮಾತು ಮುಗಿಯುವ ಮೊದಲೇ ಹಿತ್ತಲ ಮೋಟುಗೋಡೆಯ ಮೇಲೆ ಆವಲಪ್ಪನ ತಲೆ ಮೂಡಿತು. ಗಡ್ಡ ಬೋಳಿಸದ ಮುಖ, ಗಂಟಿಕ್ಕಿದ ಹುಬ್ಬು.

“ಏನ್ ಮೇಷ್ಟ್ರೇ? ಒಂದೇಟು ಕೇಳಿಸ್ತು?”

“ತಪ್ಪಾಯ್ತು ತಾತ. ಇನ್ನೊಂದು ಸದ್ದೂ ಬರಲ್ಲ.”

“ಬರಲ್ವಾ?”

“ಇಲ್ಲ ತಾತ. ಇವತ್ತಂತೂ ಖಂಡಿತ ಇಲ್ಲ.”

ಮುದುಕ ಅವರನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು ತಲೆಯಲ್ಲಾಡಿಸಿ, “ನಿಮ್ಮಿಷ್ಟ,” ಎಂದು ಮರೆಯಾದ. ಮೇಷ್ಟ್ರಿಗೆ ಗಲ್ಲಿನಿಂದ ಇಳಿದು ಬಂದಷ್ಟು ಹಗುರವಾಯಿತು. ಆದರೆ ಮಾತು ಕೊಟ್ಟಾಗಿತ್ತು.

“ಕೋನಪ್ಪ, ಸದ್ದಿಲ್ಲದೆ ಮಾಡ್ಬೇಕು ಕೆಲಸ.”

“ಸದ್ದಿಲ್ಲದೆ ಗೋಡೆ ಒಡೆಯಾಕೆ ನಾನೇನು ಕನ್ನ ಹಾಕೋ ಕಳ್ಳನಾ ಸಾಮಿ? ನಮ್ಮಪ್ಪ, ನಮ್ಮ ತಾತ, ಯಾರೂ ಇಂಥ ಕೆಲಸ ಮಾಡಿಲ್ಲ!”

“ಬಾಣಂತಿ ಬರ್ತಾಳೆ ಕಣಪ್ಪಾ. ಈ ಕಡೆ ಕೂಸು, ಆ ಕಡೆ ಹುಳ. ಎರಡೂ ಬದುಕ್ಬೇಕು.”

ಕೋನಪ್ಪನಿಗೂ ಹೆಣ್ಣುಮಕ್ಕಳಿದ್ದರು. ಅವನು ನಿಟ್ಟುಸಿರುಬಿಟ್ಟು ಸುತ್ತಿಗೆಯನ್ನು ಕೆಳಗಿಟ್ಟ.

ಅಷ್ಟರಲ್ಲಿ ಚಲಪತಿ ಬಂದ. ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ. ಭಾನುವಾರವಾದರೂ ಅವನ ಸೀಟಿಗೆ ರಜೆಯಿರಲಿಲ್ಲ. ತನ್ನ ಭಾವನ ಕೋಟೆಯನ್ನು ಕೆಡವುತ್ತಿದ್ದಾರೆಂದು ಯಾರೋ ಹೇಳಿದ್ದರಂತೆ.

“ಏನ್ರೀ ಇದು ಅನ್ಯಾಯ? ನಮ್ಮ ಭಾವ ಹಾಕಿದ ಕಲ್ಲು ಅಲ್ಲಾಡಲ್ಲ ರೀ!”

ಮೇಷ್ಟ್ರು ಮಾತಾಡದೆ ಒನಕೆ ತೆಗೆದರು. ಕಲ್ಲು ಬಾಗಿ ಚಲಪತಿಗೆ ನಮಸ್ಕಾರ ಮಾಡಿತು. ಮೂವರೂ ಸೇರಿ ಅದನ್ನು ಹಿಡಿದು ಪಕ್ಕಕ್ಕೆ ಸರಿಸಿದರೆ ಹಿಂದೆ ಬರೀ ಮಣ್ಣು. ಸಿಮೆಂಟನ್ನು ಸಂದಿಗೆ ಮಾತ್ರ, ಹಣೆಗೆ ವಿಭೂತಿ ಬಳಿದ ಹಾಗೆ ಬಳಿಯಲಾಗಿತ್ತು. ಮಣ್ಣಿನೊಳಗೆ ಒಂದು ಕಪ್ಪೆ ನೆಮ್ಮದಿಯಾಗಿ ಕೂತಿತ್ತು. ಕಪ್ಪೆಯ ಪಕ್ಕದಲ್ಲಿ ಗಾರೆ ಬಳಿಯುವ, ಮರದ ಹಿಡಿಯ ಕರಣೆ.

“ಅರೆ!” ಎಂದ ಚಲಪತಿ. “ನಮ್ಮ ಭಾವನ ಕರಣೆ! ಯಾರೋ ಕದ್ರು ಅಂತ ಇಷ್ಟು ದಿನ ಕೂಲಿಯವರನ್ನೆಲ್ಲ ಬೈಕೊಂಡು ಓಡಾಡ್ತಾ ಇದ್ರು.”

“ನಿಮ್ಮ ಭಾವ ತಾನೂ ಒಳಗೆ ಸಿಕ್ಕೊಳ್ಳಲಿಲ್ಲವಲ್ಲ, ದೊಡ್ಡದು,” ಎಂದ ಕೋನಪ್ಪ.

ಅಲ್ಲಿಂದ ಚಲಪತಿ ಭಾವನ ಪಕ್ಷ ಬಿಟ್ಟು ಇವರ ಪಕ್ಷ ಸೇರಿದ. ಡ್ರಿಲ್ ಮಾಡಿಸಿದ ಅಭ್ಯಾಸ, ಸುಮ್ಮನಿರಲಾರ. ಸೀಟಿಯನ್ನು ಬಾಯಿಗಿಟ್ಟ. ಮೇಷ್ಟ್ರು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಚಲಪತಿ ಕೈಸನ್ನೆಯಲ್ಲೇ ಆಜ್ಞೆ ಕೊಡತೊಡಗಿದ. ಬೆರಳೊಂದು ಎತ್ತಿದರೆ ಹಿಡಿಯಬೇಕು, ಎರಡು ಎತ್ತಿದರೆ ಎತ್ತಬೇಕು, ಅಂಗೈ ತೋರಿಸಿದರೆ ನಿಲ್ಲಬೇಕು. ಸಂದಿಗಳಿಗೆ ನೀರು ಬಿಟ್ಟು ಮಣ್ಣು ನೆನೆಸಿ, ಹಾರೆಗೆ ಹಳೆಯ ಚಾದರ ಸುತ್ತಿ, ಹಲ್ಲು ಕೀಳುವಂತೆ ಒಂದೊಂದೇ ಕಲ್ಲನ್ನು ಮೀಟಿ ತೆಗೆದರು. ಕಲ್ಲು ಕೆಳಗಿಟ್ಟರೆ ಸದ್ದಾಗುತ್ತದಲ್ಲ? ಮೆತ್ತಗಿರುವುದು ಏನಾದರೂ ಬೇಕಿತ್ತು. ಚಲಪತಿ ಒಳಗೆ ಹೋಗಿ ಒಂದು ಹಾಸಿಗೆ ಎಳೆದು ತಂದ. ನಾಲ್ಕೂ ಕಲ್ಲುಗಳು ಅದರ ಮೇಲೆ ಕೆಸರು ಸುರಿಸುತ್ತ ಮಲಗಿದ ಮೇಲೆ ಮೇಷ್ಟ್ರಿಗೆ ಹಾಸಿಗೆಯ ಗುರುತು ಸಿಕ್ಕಿತು. ಬಾಣಂತಿಗೆಂದು ವರಲಕ್ಷ್ಮಮ್ಮ ಹತ್ತಿ ಎಕ್ಕಿಸಿ, ಹೊಸ ಬಟ್ಟೆ ಹೊಲಿಸಿ, ತಿಂಗಳಿಂದ ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದ ಹಾಸಿಗೆ.

ಮೇಷ್ಟ್ರು ತಲೆಯ ಮೇಲೆ ಕೈಹೊತ್ತು, ಸದ್ದಿಲ್ಲದೆ ಅತ್ತರು. ಸದ್ದು ಮಾಡುವ ಹಾಗಿರಲಿಲ್ಲ.

ಗೋಡೆ ಕೆರೆದು ತೊಳೆದದ್ದಾಯಿತು. ಕೋನಪ್ಪ ಸರ್ಕಾರದ ಪರ್ಮಿಟ್ಟಿನ ಮೇಲೆ ಸಿಕ್ಕಿದ್ದ ಅರ್ಧ ಮೂಟೆ ಸಿಮೆಂಟು ಸುರಿದು ಮರಳು ಬೆರೆಸಿ ಗಾರೆ ಕಲಸಿದ. ಅಷ್ಟರಲ್ಲಿ ಬಿಸಿಲು ನೆತ್ತಿ ದಾಟಿತ್ತು. ಕಲಸಿದ ಗಾರೆ ಕಾಯುವುದಿಲ್ಲ. ಮೊದಲನೆಯ ಕಲ್ಲಿಗೆ ಗಾರೆ ಬಳಿದು ಗೋಡೆಗೆ ನಿಲ್ಲಿಸಿದ ಮೇಲೆ ಕೋನಪ್ಪ ಅಭ್ಯಾಸದಂತೆ ಸುತ್ತಿಗೆಯ ಹಿಡಿ ಎತ್ತಿದ.

“ಏನದು?” ಎಂದು ಮೇಷ್ಟ್ರು ಪಿಸುಗುಟ್ಟಿದರು.

“ತಟ್ಟಬೇಕಲ್ಲ ಸಾಮಿ. ತಟ್ಟಿದ್ರೆ ತಾನೇ ಹಿಂದಿನ ಗಾಳಿ ಹೊರಗೆ ಬಂದು ಕಲ್ಲು ಕಚ್ಕೊಳ್ಳೋದು?”

“ತಟ್ಟೋ ಹಾಗಿಲ್ಲ.”

“ಹಂಗಾದ್ರೆ ಕಲ್ಲು ನಿಲ್ಲಲ್ಲ.”

ಚಲಪತಿ ಬೆರಳೆತ್ತಿದ. “ತಟ್ಟೋದು ಯಾಕ್ರೀ? ಒತ್ತಿ. ಮನುಷ್ಯನ ಬೆನ್ನಿಗಿಂತ ಬೇಕಾ? ಬೆನ್ನು ಕೊಟ್ಟು, ಎದೆ ಸೆಟೆಸಿ, ಅಟೆನ್ಷನ್‌ನಲ್ಲಿ ನಿಂತ್ರೆ ಗಾರೆ ಬಿಗಿಯೋ ಹೊತ್ತಿಗೆ ಕಲ್ಲು ಅಲ್ಲೇ ಇರುತ್ತೆ.”

ಕೋನಪ್ಪ ಆಕಾಶ ನೋಡಿದ. ಬಚ್ಚಲಲ್ಲಿ ಆಕಾಶ ಇರಲಿಲ್ಲ. ಹೊಗೆ ಹಿಡಿದ ತೊಲೆಯನ್ನೇ ನೋಡಿದ. ಆದರೆ ಗಾರೆ ಬಿಗಿಯುತ್ತಿತ್ತು, ಬೇರೆ ದಾರಿಯಿರಲಿಲ್ಲ. ಮೊದಲನೆಯ ಕಲ್ಲಿಗೆ ಮೇಷ್ಟ್ರು ಬೆನ್ನು ಕೊಟ್ಟರು. ಎರಡನೆಯದಕ್ಕೆ ಚಲಪತಿ. ಮೂರನೆಯದನ್ನು ಕೋನಪ್ಪ ಬೆನ್ನಿಂದ ಒತ್ತಿಕೊಂಡು, ನಾಲ್ಕನೆಯದನ್ನು ಎರಡು ಕೈ, ಒಂದು ಕಾಲು ಚಾಚಿ ತಡೆದುಕೊಂಡ. ನೋಡಲು ಮರ ಹತ್ತುವ ಓತಿಕೇತದಂತಿದ್ದ.

“ನನ್ನ ಕಾಲು ಜೋಮು ಹಿಡೀತು ಸಾಮಿ,” ಎಂದ ಸ್ವಲ್ಪ ಹೊತ್ತಿಗೆ.

ಆಗ ಹೊರಗಿನಿಂದ ಒಂದು ದನಿ ಕೇಳಿಸಿತು.

“ಬೀಗ್ರೇ! ಏನ್ ಬೀಗ್ರೇ, ಮನೇಲಿ ಯಾರೂ ಇಲ್ವಾ?”

ರತ್ನಳ ಮಾವ ಮುನಿವೆಂಕಟಪ್ಪ! ಚಿಂತಾಮಣಿ ಕಡೆಯ ಜಮೀನ್ದಾರ. ಮದುವೆಯಲ್ಲಿ ಕಾಫಿ ಆರಿತ್ತು ಎಂದು ಮುನಿಸಿಕೊಂಡು ಛತ್ರದ ಹೊರಗೆ ಹೋಗಿ ಕೂತವರು. ಅಂಥವರು ಬಂದರೆ ಎದುರು ಹೋಗಿ ಕಾಲಿಗೆ ನೀರು ಕೊಡಬೇಕು, ಜಮಖಾನ ಹಾಸಬೇಕು. ಬೆನ್ನು ತೆಗೆದರೆ ಕಲ್ಲು ಬೀಳುತ್ತದೆ. ಬಾಯಿ ತೆರೆದು ಕೂಗಿದರೆ ಹುಳು ಬೆದರುತ್ತವೆ.

“ಬೀಗ್ರೇ!” ದನಿ ನಡುಮನೆಗೆ ಬಂತು. ಅಡಿಗೆಮನೆಗೆ ಬಂತು. ಕೊನೆಗೆ ಬಚ್ಚಲ ಬಾಗಿಲಿಗೇ ಬಂತು. ಜರಿಯಂಚಿನ ಪೇಟ, ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಮಡಿಸಿದ ಶಲ್ಯ, ಕೈಯಲ್ಲಿ ಹಣ್ಣಿನ ಬುಟ್ಟಿ. ಮುನಿವೆಂಕಟಪ್ಪನವರು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತ ಮೂವರು ಕೆಸರು ಗಂಡಸರನ್ನು ನೋಡಿದರು.

“ಇದೇನು ಬೀಗ್ರೇ ಅವಸ್ಥೆ? ಯಾರಾದ್ರೂ ಕಟ್ಟಿಹಾಕಿದಾರಾ?”

“ಮೆಲ್ಲಗೆ ಬೀಗ್ರೇ, ದಮ್ಮಯ್ಯ,” ಎಂದು ಮೇಷ್ಟ್ರು ಉಸಿರಿನಲ್ಲೇ ಅಂಗಲಾಚಿದರು. “ಆ ಕಡೆ ಹುಳ ಜ್ವರಕ್ಕೆ ಕೂತಿವೆ. ಈ ಕಡೆ ಕಲ್ಲು ಕೂರ್ತಾ ಇಲ್ಲ. ನಾಳೆ ನಿಮ್ಮ ಮೊಮ್ಮಗಳಿಗೆ ಇಲ್ಲೇ ನೀರು. ನಿಮಗೆ ಕಾಲಿಗೆ ನೀರು ಕೊಡೋಕೂ ಆಗ್ಲಿಲ್ಲ, ಕ್ಷಮಿಸ್ಬೇಕು.”

ಬೀಗರ ಮೀಸೆ ಒಮ್ಮೆ ಕುಣಿಯಿತು. ಈಗ ಏನೋ ಆಗುತ್ತದೆ ಎಂದುಕೊಂಡು ಮೇಷ್ಟ್ರು ಕಣ್ಣುಮುಚ್ಚಿದರು.

ಅಷ್ಟರಲ್ಲಿ ಕೋನಪ್ಪನ ಕಾಲು ಜಾರಿತು. ನಾಲ್ಕನೆಯ ಕಲ್ಲು ಮುಂದಕ್ಕೆ ಬಂತು. ಹಣ್ಣಿನ ಬುಟ್ಟಿ ಬಿತ್ತು, ಕಿತ್ತಳೆಗಳು ಮೋರಿಯ ಕಡೆ ಉರುಳಿದವು. ಮೇಷ್ಟ್ರು ಕಣ್ಣು ತೆರೆದಾಗ ಬೀಗರು ಪೇಟ ಸಮೇತ ನಾಲ್ಕನೆಯ ಕಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದರು.

“ನನ್ನ ಮೊಮ್ಮಗಳಿಗೆ ನೀರು ಹಾಕೋ ಗೋಡೆ ತಾನೇ?” ಎಂದರು ಪಿಸುದನಿಯಲ್ಲಿ. “ಹಿಡೀತೀನಿ ಬಿಡಿ. ಎಷ್ಟು ಹೊತ್ತು?”

“ಗಾರೆ ಬಿಗಿಯೋವರೆಗೂ,” ಎಂದ ಚಲಪತಿ. “ಎದೆ ಸೆಟೆಸಿ ಯಜಮಾನ್ರೇ. ಹೊಟ್ಟೆ ಒಳಗೆ.”

“ಹೊಟ್ಟೆ ಒಳಗೆ ಹೋಗೋ ಹಾಗಿದ್ರೆ ಯಾವತ್ತೋ ಹೋಗ್ತಿತ್ತಪ್ಪ.”

ಹೀಗೆ ನಾಲ್ವರು ನಾಲ್ಕು ಕಲ್ಲುಗಳಿಗೆ ದ್ವಾರಪಾಲಕರಾಗಿ ನಿಂತರು. ಬೀಗರ ಜರಿಪೇಟಕ್ಕೆ ಗಾರೆ ಹತ್ತಿತು. ಬೀಗರಿಗೆ ಸೀನು ಬಂತು. ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಸೀನನ್ನು ನುಂಗಿದರು. ಮೋರಿಯ ಬಾಯಲ್ಲಿ ಕಪ್ಪೆ ಕೂತು ಇವರನ್ನೆಲ್ಲ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಸರಸರ, ಸರಸರ ಎಂದು ಸಣ್ಣ ಸದ್ದು ಬಂತು.

“ಏನದು?” ಎಂದರು ಬೀಗರು.

“ಹುಳ,” ಎಂದ ಚಲಪತಿ. “ಜ್ವರದಲ್ಲಿ ಹೊರಳಾಡ್ತಿರ್ಬೇಕು, ಪಾಪ.”

ನಾಲ್ವರೂ ಇನ್ನಷ್ಟು ಉಸಿರು ಬಿಗಿಹಿಡಿದರು.

ಬೇರೆ ಕೆಲಸವಿಲ್ಲದೆ ಪಿಸುಮಾತು ಶುರುವಾಯಿತು. ತಮ್ಮ ಹೆಂಡತಿ ಚೊಚ್ಚಲು ಹೆತ್ತು ಬಂದಾಗ ತಾವೇ ಹೊಲದಿಂದ ಸೌದೆ ಹೊತ್ತು ತಂದು ಹಂಡೆಗೆ ಉರಿ ಹಾಕಿದ್ದನ್ನು ಬೀಗರು ಹೇಳಿದರು. ಕೋನಪ್ಪ ತನ್ನ ಮೂರು ಹೆಣ್ಣುಮಕ್ಕಳ ಹೆಸರು ಹೇಳಿದ. ಮದುವೆಯ ಕಾಫಿ ಆರಿದ್ದು ಹೇಗೆ ಎಂದು ಮೇಷ್ಟ್ರು ವಿವರಿಸಿದರು. “ಆರಿರ್ಲಿಲ್ಲ ಬಿಡಿ,” ಎಂದರು ಬೀಗರು. “ಯಾರೂ ನನ್ನ ಮಾತಾಡಿಸಿರ್ಲಿಲ್ಲ, ಅದಕ್ಕೆ.” ಮಕ್ಕಳ ಮದುವೆಯಾಗಿ ಎರಡು ವರ್ಷವಾಗಿತ್ತು; ಬೀಗರಿಬ್ಬರೂ ಇಷ್ಟು ಮಾತಾಡಿದ್ದು ಅದೇ ಮೊದಲು.

ಬಿಸಿಲು ಇಳಿಯುವ ಹೊತ್ತಿಗೆ ಕೋನಪ್ಪ ಮೆಲ್ಲಗೆ ಬೆನ್ನು ತೆಗೆದ. ಕಲ್ಲು ನಿಂತಿತು. ಚಲಪತಿ ತೆಗೆದ. ನಿಂತಿತು. ಮೇಷ್ಟ್ರದ್ದೂ ನಿಂತಿತು. ಬೀಗರು ಕೊನೆಯಲ್ಲಿ, ಮಲಗಿದ ಮಗುವಿನ ಪಕ್ಕದಿಂದ ಏಳುವವರಂತೆ ಎದ್ದರು. ನಿಂತಿತು! ನಾಲ್ವರೂ ಸದ್ದಿಲ್ಲದೆ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಅದೇ ಹೊತ್ತಿಗೆ ಬಾಗಿಲಲ್ಲಿ ಜಟಕಾ ನಿಂತಿತು. ವರಲಕ್ಷ್ಮಮ್ಮ ಇಳಿದಳು, ಹಿಂದೆಯೇ ಬಿಳಿಚಿದ ಮುಖದಲ್ಲಿ ನಗು ತುಂಬಿಕೊಂಡ ರತ್ನ. ಅವಳ ಎದೆಯಲ್ಲಿ ಬಟ್ಟೆಯ ಗಂಟಿನೊಳಗೆ ಒಂದು ಕೆಂಪು ಮುಖ. ವರಲಕ್ಷ್ಮಮ್ಮ ಆರತಿ ಎತ್ತಿ ಇಬ್ಬರನ್ನೂ ಒಳಗೆ ಕರೆದುಕೊಂಡಳು. ಹೊಸ ಜಾಗದ ಗಾಳಿ ಸೋಕಿದ್ದೇ ತಡ, ಮಗು ಕಿಟಾರನೆ ಕಿರುಚಿತು.

“ಶ್ ಶ್ ಶ್!” ಎಂದು ನಾಲ್ವರು ಗಂಡಸರೂ ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟರು.

“ಏನ್ರೀ ಇದು? ಬೀಗ್ರೂ ಹಿಂಗೇ ಇದಾರಲ್ಲ! ಏನಾಯ್ತು ಎಲ್ಲರಿಗೂ?”

“ಹುಳ ಜ್ವರಕ್ಕೆ ಕೂತಿವೆ ಕಣೇ! ಇಡೀ ದಿನ ಒಂದು ಸದ್ದು ಮಾಡ್ದಂಗೆ ಗೋಡೆ ಮಾಡಿದೀವಿ. ಬಾ ನೋಡು!”

ವರಲಕ್ಷ್ಮಮ್ಮ ನೋಡಲು ಹೋಗುವ ಮೊದಲೇ ಅಮ್ಮಾಜಮ್ಮ ಬಂದಳು. ಕೈಯಲ್ಲಿ ಮಗುವಿನ ತಲೆಗೆ ಹಾಕಲು ಒಂದು ಹೊಸ ಕುಲಾವಿ. ಮಗುವಿನ ಗಲ್ಲ ಮುಟ್ಟಿ ಲಟಿಕೆ ಮುರಿದು, ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

“ಅಲ್ಲ ಮೇಷ್ಟ್ರೇ, ಇವತ್ತು ಗೋಡೆ ಕೆಲಸ ಯಾಕೆ ಬಿಟ್ಬಿಟ್ರಿ?”

“ಬಿಡ್ಲಿಲ್ಲ ತಾಯಿ. ಮಾಡಿದ್ವಲ್ಲ. ನಿಮ್ಮ ಹುಳಕ್ಕೆ ಅಂತ ಸದ್ದಿಲ್ಲದೆ ಮಾಡಿದ್ವಿ.”

“ಯಾವ ಹುಳ? ಹುಳ ಎಲ್ಲಿದ್ವು ಇಲ್ಲಿ?” ಅಮ್ಮಾಜಮ್ಮ ಸೆರಗಿನಿಂದ ಬೆವರೊರೆಸಿಕೊಂಡಳು. “ಬಾಣಂತಿ ಬರ್ತಾಳೆ, ಗೋಡೆ ಆಗ್ಬೇಕು ಅಂತ ವರಲಕ್ಷ್ಮಕ್ಕ ಅಂದ್ರು. ಧಬಧಬ ಅಂತ ಬಡ್ಕೊಳ್ಳಲಿ ಪಾಪ ಅಂತ, ಕೋಳಿ ಕೂಗೋ ಹೊತ್ಗೇ ಎದ್ದು ಒಂದೊಂದೇ ತಟ್ಟೆ ಹೊತ್ಕೊಂಡು ಎಲ್ಲಾನೂ ಆಚೆ ಬೀದಿ ನಮ್ಮಕ್ಕನ ಮನೆಗೆ ಸಾಗಿಸಿದ್ದೆ. ಬಡಿಯೋದು ಮುಗಿದ ತಕ್ಷಣ ಹೇಳ್ಕಳಿಸಿ ಅಂತ ನಮ್ಮ ಮಾವನ್ನ ಜಗಲಿ ಮೇಲೆ ಕೂರಿಸಿದ್ದೆ. ಅವ್ರು ಬಂದು, ಒಂದೇ ಒಂದೇಟು ಕೇಳಿಸ್ತು, ಇವತ್ತು ಇನ್ನೇನೂ ಮಾಡಲ್ಲ ಅಂತ ಮೇಷ್ಟ್ರೇ ಹೇಳಿದ್ರು ಅಂದ್ರು. ಹುಳ ಕೂರೋ ಹೊತ್ತು ಬೇರೆ ಬಂದಿತ್ತು. ಅದಕ್ಕೇ ಮಧ್ಯಾಹ್ನ ಎಲ್ಲಾ ತಟ್ಟೆ ವಾಪಸ್ ತಂದು ಸೊಪ್ಪು ಹಾಕಿದ್ವಿ, ಸರಸರ ಅಂತ ಮೇಯ್ದ್ವು.”

ಬೀಗರು ಪೇಟದ ಮೇಲಿನ ಗಾರೆಯನ್ನು ಉಗುರಿನಿಂದ ಕೆರೆದುಕೊಂಡರು.

“ಈಗ?” ಎಂದರು ಮೇಷ್ಟ್ರು.

“ಈಗ ಕೂತ್ಕೊಂಡ್ವು. ಜ್ವರ. ಇನ್ನು ಅಲುಗಾಡ್ಸೋ ಹಾಗಿಲ್ಲ.”

ಬಚ್ಚಲಿನಿಂದ ‘ಡಬ್’ ಎಂಬ ಸದ್ದು ಬಂತು.

ನಾಲ್ವರು ಗಂಡಸರೂ ಒಂದೇ ಜಿಗಿತಕ್ಕೆ ಬಚ್ಚಲಲ್ಲಿದ್ದರು. ನಾಲ್ಕನೆಯ ಕಲ್ಲು ಅರ್ಧ ದಾರಿ ಬಂದಿತ್ತು. ಬೀಗರು ಬೆನ್ನು ಕೊಟ್ಟರು. ಅವರ ಪಕ್ಕದ್ದು ಅಲುಗಿತು. ಕೋನಪ್ಪ ಬೆನ್ನು ಕೊಟ್ಟ. ಹಿಂದೆ ಬಂದ ವರಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಆ ಸಾಲನ್ನು ನೋಡಿದಳು. ಆಮೇಲೆ ಕೆಸರಿನ ಹಾಸಿಗೆಯನ್ನು ನೋಡಿದಳು. ಮೇಷ್ಟ್ರು ನೆಲ ನೋಡಿದರು.

ಎರಡು ಒನಕೆ, ಒಂದು ಏಣಿ, ಹಳೆಯ ಬಾಗಿಲಿನ ಹಲಗೆ, ಎಲ್ಲವನ್ನೂ ಒತ್ತುಗೊಟ್ಟು ಗೋಡೆಯನ್ನು ನಿಲ್ಲಿಸಿದ್ದಾಯಿತು. ಈಗ ಬಚ್ಚಲಿನೊಳಗೆ ಒಂದು ಚೊಂಬು ಇಡಲೂ ಜಾಗವಿರಲಿಲ್ಲ.

“ತಟ್ಟದ ಕಲ್ಲು ನಿಲ್ಲಲ್ಲ ಅಂತ ಅವಾಗ್ಲೇ ಬಡ್ಕೊಂಡೆ,” ಎಂದ ಕೋನಪ್ಪ. “ಎಲ್ಲಾ ಕಿತ್ತು, ಚೆನ್ನಾಗಿ ಬಡಿದು ಕೂರಿಸ್ಬೇಕು. ಯಾವಾಗ ಬರ್ಲಿ ಸಾಮಿ?”

ಮೇಷ್ಟ್ರು ಅಮ್ಮಾಜಮ್ಮನ ಮುಖ ನೋಡಿದರು.

“ಜ್ವರ ಏಳ್ಬೇಕು,” ಎಂದಳು ಅವಳು ಬೆರಳು ಮಡಿಚುತ್ತ. “ಎದ್ಮೇಲೆ ಸೊಪ್ಪು ಮೇಯ್ಬೇಕು, ಆವಾಗ್ಲೂ ಬೆದರಿಸ್ಬಾರ್ದು. ಆಮೇಲೆ ಹಣ್ಣಾಗಿ ಬಿದಿರು ಚಂದ್ರಿಕೆ ತಟ್ಟೆ ಹತ್ತಿ ಗೂಡು ಕಟ್ತವೆ, ಆವಾಗಂತೂ ಉಸಿರೂ ಬಿಡೋ ಹಾಗಿಲ್ಲ. ಗೂಡು ಬಿಡಿಸಿ ಮಾರಿದ ಮೇಲೆ ಎಷ್ಟು ಬೇಕಾದ್ರೂ ಬಡ್ಕೊಳ್ಳಿ.”

“ಅಲ್ಲೀವರೆಗೂ ನನ್ನ ಮಗಳಿಗೆ ನೀರು?” ವರಲಕ್ಷ್ಮಮ್ಮ ಕಣ್ಣೊರೆಸಿಕೊಂಡಳು.

“ಅಯ್ಯೋ, ನಮ್ಮ ಬಚ್ಚಲಿಲ್ವಾ ಅಕ್ಕಾ? ಹಿತ್ತಲ ಕೊನೇಲಿದೆ, ಹಂಡೆ ನಿಮ್ಮದಕ್ಕಿಂತ ದೊಡ್ಡದು. ನಾನು ಮೂರು ಬಾಣಂತನ ಮಾಡಿದೋಳು, ಕೂಸಿಗೆ ನಾನೇ ಎಣ್ಣೆ ತೀಡ್ತೀನಿ. ಹಾಸಿಗೆಯೂ ನಮ್ಮನೇದು ತರ್ತೀನಿ, ತಗೋ. ಅಳ್ಬೇಡ.” ಆಮೇಲೆ ಅವಳು ಸ್ವಲ್ಪ ಯೋಚಿಸಿದಳು. “ನಮ್ಮ ಯಜಮಾನ್ರು ಬೆಳಿಗ್ಗೆ ಸೊಪ್ಪಿಗೆ ಹೋಗ್ತಾರೆ. ಬಾವಿಯಿಂದ ನೀರು ಸೇದೋದೊಂದು ಮೇಷ್ಟ್ರು ನೋಡ್ಕೊಂಡ್ರೆ ಆಯ್ತು.”

ಮರುದಿನ ಬೆಳಗು ಹರಿಯುವ ಮೊದಲೇ ಮೇಷ್ಟ್ರು ಅಮ್ಮಾಜಮ್ಮನ ಹಿತ್ತಲ ಬಾವಿಯ ಮುಂದೆ ನಿಂತಿದ್ದರು. ರಾತ್ರಿ ಊರಿಗೆ ಹೋಗಲೊಲ್ಲದೆ ಉಳಿದಿದ್ದ ಬೀಗರು ಪಂಚೆ ಎತ್ತಿ ಕಟ್ಟಿಕೊಂಡು ಒಲೆಗೆ ಸೌದೆ ತುರುಕುತ್ತಿದ್ದರು. ಮೇಷ್ಟ್ರು ಹಗ್ಗ ಹಿಡಿದು ಕೊಡ ಇಳಿಸಿದರು. ರಾಟೆ ‘ಕಿರ್ರ್’ ಎಂದಿತು.

ಹುಳದ ಕೋಣೆಯ ಕಿಟಕಿಯಿಂದ ಅಮ್ಮಾಜಮ್ಮನ ತಲೆ ಹೊರಗೆ ಬಂತು.

“ಮೇಷ್ಟ್ರೇ! ರಾಟೆ ಬೇಡ. ಬರೀ ಕೈಯಲ್ಲಿ ಸೇದಿ.”

ಮೇಷ್ಟ್ರು ರಾಟೆಯಿಂದ ಹಗ್ಗ ಬಿಡಿಸಿ, ಬಾವಿಯ ಕಲ್ಲಿಗೆ ಮೊಣಕಾಲೂರಿ, ಒಂದೊಂದು ಗೇಣು ಎಳೆಯುತ್ತ ಕೊಡವನ್ನು ಮೇಲೆ ತಂದರು. ಬೆನ್ನು ನಿನ್ನೆಯದೇ ನೋವಿನಲ್ಲಿತ್ತು. ಈಗ ಅಂಗೈಯೂ ಅದರ ಜೊತೆ ಸೇರಿತು. ಹಂಡೆ ದೊಡ್ಡದೆಂದು ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಎಷ್ಟು ಕೊಡ ಸುರಿದರೂ ಅದರ ಹೊಟ್ಟೆ ಇನ್ನೂ ಬೇಕು ಎನ್ನುತ್ತಿತ್ತು.

ಹೊಗೆಯ ಜೊತೆಗೆ ಎಣ್ಣೆಯ, ಸೀಗೆಯ ವಾಸನೆ ಹಿತ್ತಲನ್ನೆಲ್ಲ ತುಂಬಿತು. ವರಲಕ್ಷ್ಮಮ್ಮ ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಮೊದಲ ಚೊಂಬು ಬಿಸಿನೀರು ಮೈಗೆ ಸೋಕಿದ್ದೇ ತಡ, ಕೂಸು ಎಂಥ ದನಿ ತೆಗೆಯಿತೆಂದರೆ ಮಾಡಿನ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು. ಆಚೆ ಬೀದಿಯ ನಾಯಿ ಬೊಗಳಿತು.

ಮೇಷ್ಟ್ರು ಕೊಡ ಬಿಟ್ಟು ಬಚ್ಚಲ ಬಾಗಿಲಿಗೆ ಓಡಿದರು. “ಅಯ್ಯಯ್ಯೋ, ಸುಮ್ನಿರ್ಸೇ! ಹುಳ!”

“ಅಳ್ಲಿ ಬಿಡಿ ಮೇಷ್ಟ್ರೇ,” ಎಂದಳು ಅಮ್ಮಾಜಮ್ಮ, ಎಣ್ಣೆಗೈಯಿಂದ ಹಣೆಯ ಕೂದಲು ಸರಿಸಿಕೊಳ್ಳುತ್ತ, ಮಗುವನ್ನೇ ನೋಡುತ್ತ. “ಹಸುಗೂಸಿನ ಅಳು ಕೇಳಿದ ಹುಳ ಗೂಡು ಗಟ್ಟಿಯಾಗಿ ಕಟ್ತವಂತೆ, ನಮ್ಮತ್ತೆ ಹೇಳ್ತಿದ್ರು. ಎಷ್ಟು ಬೇಕಾದ್ರೂ ಅಳ್ಲಿ, ನನ್ನ ಚಿನ್ನ.”

ಆಮೇಲೆ ತಲೆಯೆತ್ತಿ, ಅಷ್ಟೇ ಅಕ್ಕರೆಯಿಂದ ಹೇಳಿದಳು:

“ನೀವು ಮಾತ್ರ ಸ್ವಲ್ಪ ಮೆಲ್ಲಗೆ ಸೇದಿ.”